ಪಾತ್ರೆ ಬ್ಯಾಂಕ್ ನಡೆಸುವುದು: ಲೋಟದ ಲೆಕ್ಕ, ತೊಳೆಯುವ ಕ್ರಮ

ಸಮಾರಂಭಗಳಿಗೆ ಸ್ಟೀಲ್ ಪಾತ್ರೆ ಕೊಟ್ಟು ಮರಳಿ ಪಡೆಯುವ ನಮ್ಮ ಬಡಾವಣೆಯ ಪಾತ್ರೆ ಬ್ಯಾಂಕಿಗೆ ನಾವು ಮೊದಲು ಕೊಂಡದ್ದು ಲೋಟ, ತಟ್ಟೆ ಆಮೇಲೆ. ಬಾಳೆಎಲೆಯ ಪಂಕ್ತಿಗೆ ತಟ್ಟೆಯೇ ಬೇಕಿಲ್ಲ, ಆದರೆ ಅಲ್ಲೂ ಎಲೆಗೊಂದರಂತೆ ಸಣ್ಣ ನೀರಿನ ಬಾಟಲಿ ಬಂದು ಕೂತಿರುತ್ತದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂದ ಮೇಲೆ ಕಾಗದದ ಲೋಟಕ್ಕೆ ಇನ್ನಷ್ಟು ಬೇಡಿಕೆ ಬಂತು. ಸಾಮಾನ್ಯ ಕಾಗದದ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕೊಳೆತು ಪದರ ಉಳಿಯುತ್ತದೆ. ಹಳೇ ಪೇಪರ್ ಕೊಳ್ಳುವವರಿಗೂ ಅದು ಬೇಡ.

ಲೆಕ್ಕ ಹೀಗೆ. ನೂರು ಜನರ ಬಫೆಗೆ, ಊಟ ಎರಡು ಗಂಟೆ ನಡೆಯುವುದಾದರೆ, ತೊಳೆಯುತ್ತಾ ಹೋದರೆ 70 ತಟ್ಟೆ ಸಾಕು. ಎಲ್ಲರೂ ಒಟ್ಟಿಗೆ ಕೂರುವುದಾದರೆ 110. ಲೋಟ ಮಾತ್ರ ತಲೆಗೆ ಎರಡು ಬೇಕೇ ಬೇಕು. ಬಂದ ತಕ್ಷಣ ಪಾನಕ ಕುಡಿದ ಲೋಟವನ್ನು ಎಲ್ಲೋ ಇಟ್ಟು, ಊಟಕ್ಕೆ ಇನ್ನೊಂದು ತೆಗೆದುಕೊಳ್ಳುತ್ತಾರೆ. ಅದನ್ನು ತಡೆಯಲು ಹೋಗಬೇಡಿ. ನೀರಿಗೆ 20 ಲೀಟರಿನ ಕ್ಯಾನ್, ಅದಕ್ಕೊಂದು ನಲ್ಲಿಯ ಸ್ಟ್ಯಾಂಡ್. ಎಂಜಲು ಲೋಟದ ಟಬ್ ಕ್ಯಾನಿನಿಂದ ನಾಲ್ಕು ಹೆಜ್ಜೆಯೊಳಗೆ ಇರಬೇಕು. ದೂರವಿದ್ದರೆ ಲೋಟಗಳು ಕುರ್ಚಿಯ ಕೆಳಗೆ, ಹೂಕುಂಡದ ಹಿಂದೆ ಸಿಗುತ್ತವೆ.

ಸ್ಟೀಲ್ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದು ಅರ್ಧ ಪರೀಕ್ಷೆ. ಅಂಟಿದರೆ ನಿಕ್ಕಲ್ ಇಲ್ಲದ ದರ್ಜೆ ಎಂದು ಊಹಿಸಬಹುದು, ನಿಜ. ಆದರೆ ನಿಕ್ಕಲ್ ಇರುವ 202 ಮತ್ತು 304 ಎಂಬ ದರ್ಜೆಗಳು ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಲೋಟಕ್ಕೆ 202 ನಡೆಯುತ್ತದೆ. ಉಪ್ಪಿನಕಾಯಿ, ಸಾರು ಗಂಟೆಗಟ್ಟಲೆ ಕೂರುವ ತಟ್ಟೆಗೆ 304 ಒಳ್ಳೆಯದು, ಇಲ್ಲವಾದರೆ ಉಪ್ಪು ಕೂತಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆ ಏಳುತ್ತದೆ.

ಬ್ಯಾಂಕು ಉಳಿಯುವುದೂ ಮುಚ್ಚುವುದೂ ತೊಳೆಯುವ ಜಾಗದಲ್ಲಿ. ಪಾತ್ರೆ ಒಯ್ದವರೇ ತೊಳೆದು ಕೊಡಬೇಕು ಎಂದರೆ ಮುಂದಿನ ಸಲ ಅವರು ಕಾಗದದ ತಟ್ಟೆಗೇ ಹೋಗುತ್ತಾರೆ. ಆದ್ದರಿಂದ ತೊಳೆಯುವವರ ಕೂಲಿಯನ್ನು ಬುಕಿಂಗಿನಲ್ಲೇ ಸೇರಿಸುತ್ತೇವೆ. ಅನ್ನ, ಪಲ್ಯವನ್ನು ಮೊದಲು ಬಕೆಟ್ಟಿಗೆ ಬಳಿದು ಹಾಕಿ, ಮೂರು ಟಬ್‌ಗಳಲ್ಲಿ ತೊಳೆಯುವುದು. ಒಂದೊಂದರಲ್ಲಿ 20 ಲೀಟರ್ ನೀರು: ಮೊದಲನೆಯದು ಮುಸುರೆ ತೆಗೆಯಲು, ಎರಡನೆಯದರಲ್ಲಿ ಸೋಪು, ಮೂರನೆಯದರಲ್ಲಿ ಬಿಸಿನೀರು. ಮೊದಲ ಟಬ್ ಸುಮಾರು 50 ತಟ್ಟೆಗೆ ಬದಲಾಗಬೇಕು. ನೀರಿನ ಮೇಲೆ ಎಣ್ಣೆಯ ಪದರ ಕಂಡರೆ ಅದಕ್ಕೂ ಮುಂಚೆಯೇ. ಇಲ್ಲಿ ಜಿಪುಣತನ ಮಾಡಿದರೆ ಎರಡನೇ ಟಬ್ಬಿನ ಸೋಪು ಸಾಯುತ್ತದೆ, ತಟ್ಟೆ ಜಿಡ್ಡುಜಿಡ್ಡಾಗಿ ಹೊರಬರುತ್ತದೆ.

ಅಂಟುವಾಳಕಾಯಿಯ ನೀರು ಬಳಸಬಹುದು. ಬೀಜ ತೆಗೆದ 12–15 ಕಾಯಿಯನ್ನು ಒಂದು ಲೀಟರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಕಿವುಚಿ ಸೋಸಬೇಕು. ನೊರೆ ಕಡಿಮೆ ಬರುವುದರಿಂದ ತೊಳೆಯುವವರಿಗೆ ನಂಬಿಕೆ ಬರುವುದು ನಿಧಾನ. ತಣ್ಣೀರಿನಲ್ಲಿ ತುಪ್ಪ, ಡಾಲ್ಡಾದ ಜಿಡ್ಡಿಗೆ ಇದು ಸಾಲದು. ಎರಡನೇ ಟಬ್ಬಿನ ನೀರು ಕೈ ತಾಳುವಷ್ಟು ಬಿಸಿ ಇರಲಿ. ಅಂಟುವಾಳದ ನೀರು ಫ್ರಿಜ್ಜಿನ ಹೊರಗೆ ಕೆಲವೇ ದಿನಗಳಲ್ಲಿ ಹುಳಿತು ನಾರುತ್ತದೆ, ಹಾಗಾಗಿ ಬೇಕಾದಷ್ಟೇ ಮಾಡಿ.

ಒಣಗಿಸುವುದಕ್ಕೆ ಅವಸರ ಬೇಡ. ಒದ್ದೆ ಲೋಟಗಳನ್ನು ಒಂದರೊಳಗೊಂದು ಇಟ್ಟು ಗೋಣಿಚೀಲಕ್ಕೆ ತುಂಬಿದರೆ ಮುಗ್ಗಲು ವಾಸನೆ ಬರುವುದು ಒಂದು ಕಡೆ, ಎಳೆದರೂ ಬಾರದಂತೆ ಕಚ್ಚಿಕೊಳ್ಳುವುದು ಇನ್ನೊಂದು ಕಡೆ. ಕಚ್ಚಿಕೊಂಡವನ್ನು ಕುಟ್ಟಬೇಡಿ, ಅಂಚು ಬಗ್ಗುತ್ತದೆ. ಒಳಗಿನ ಲೋಟಕ್ಕೆ ತಣ್ಣೀರು ಹೊಯ್ದು ಹೊರಗಿನದನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಹೊರಗಿನದು ಹಿಗ್ಗಿ ಬಿಟ್ಟುಕೊಡುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹುಣಸೆಹಣ್ಣು ಸಾಕು, ಸ್ಟೀಲ್ ಜುಂಗು ಬೇಡ.

ಪ್ರತಿ ತಟ್ಟೆಯ ಮೇಲೂ ಪಾತ್ರೆ ಅಂಗಡಿಯಲ್ಲೇ ಹೆಸರು ಹಾಕಿಸಿ. ನಮ್ಮ ಅಜ್ಜಿಯರ ಕಾಲದಿಂದ ಇರುವ ಪದ್ಧತಿ ಇದು. ಮದುವೆಮನೆಯಲ್ಲಿ ಅಡುಗೆಯವರ ಪಾತ್ರೆಯೊಂದಿಗೆ ಬೆರೆತಾಗ ಇದರ ಬೆಲೆ ಗೊತ್ತಾಗುತ್ತದೆ. ಮಾಂಸಾಹಾರಕ್ಕೆ ಬೇರೆ ಸೆಟ್ ಇಟ್ಟು, ಅಂಚಿನಲ್ಲಿ ಬೇರೆ ಗುರುತು ಕೊರೆಸುವುದು ಮೇಲು. ಅದನ್ನು ಮೊದಲೇ ಹೇಳಿಬಿಟ್ಟರೆ ಪೂಜೆ, ವ್ರತದವರೂ ಹಿಂಜರಿಯದೆ ಒಯ್ಯುತ್ತಾರೆ. ಬೆಂಗಳೂರಿನಲ್ಲಿ ಅದಮ್ಯ ಚೇತನದ ಪ್ಲೇಟ್ ಬ್ಯಾಂಕ್‌ನಂಥ ದೊಡ್ಡ ವ್ಯವಸ್ಥೆ ಇದೆ. ಸಾವಿರ ಜನರ ಸಮಾರಂಭಕ್ಕೆ ಅಂಥ ಕಡೆ ಕೇಳುವುದೇ ಸರಿ, ಬಡಾವಣೆಯ ಬ್ಯಾಂಕು ಅಷ್ಟಕ್ಕೆ ಕೈಹಾಕಬಾರದು.

ಎಣಿಕೆ ಕೊಡುವಾಗಲೂ ಪಡೆಯುವಾಗಲೂ ಇಬ್ಬರ ಮುಂದೆ ಆಗಬೇಕು. 25 ತಟ್ಟೆಗೆ ಒಂದು ಚೀಲ, 50 ಲೋಟಕ್ಕೆ ಒಂದು ಕ್ರೇಟ್ ಎಂದು ಕಟ್ಟಿಟ್ಟರೆ ಬಿಡಿಬಿಡಿ ಎಣಿಸುವ ಗೋಜಿಲ್ಲ. ಡೆಪಾಸಿಟ್ ಹೊಸ ಪಾತ್ರೆಯ ಬೆಲೆಯಷ್ಟು ಇಟ್ಟರೆ ಜನ ಓಡಿಹೋಗುತ್ತಾರೆ. ಕಾಲು ಭಾಗ ಸಾಕು, ಕಳೆದದ್ದಕ್ಕೆ ಮಾತ್ರ ಪೂರ್ತಿ ಬೆಲೆ ಹಿಡಿಯುವುದು.

ಎಲ್ಲಕ್ಕಿಂತ ಹೆಚ್ಚು ಕಳೆಯುವುದು ಚಮಚ. ಎಂಜಲಿನ ಜೊತೆ ಹಸಿಕಸದ ಬಕೆಟ್ಟಿಗೆ ಬಿದ್ದು ಹೋಗುತ್ತದೆ. ಅದಕ್ಕಾಗಿ ಚಮಚವನ್ನು ಮಾತ್ರ ಬೇಕೆಂದೇ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನಲ್ಲಿ ಕೊಳ್ಳುತ್ತೇವೆ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ, ಕಸದ ಗಾಡಿ ಬರುವ ಮುನ್ನ ಬಕೆಟ್ಟಿನಲ್ಲಿ ಒಮ್ಮೆ ತಿರುವಿದರೆ ಬಿದ್ದವು ಮೇಲೆ ಬರುತ್ತವೆ.