ಬ್ರೈನ್ ಟ್ರೈನಿಂಗ್ ಕಂಪನಿ ಕಳಿಸುವ ಸುದ್ದಿಯನ್ನು ಓದುವುದು ಹೇಗೆ?

ಬ್ರೈನ್ ಟ್ರೈನಿಂಗ್ ಆಪ್‌ಗೆ, ಅಂದರೆ ಮೆದುಳು ಚುರುಕು ಮಾಡುತ್ತೇವೆ ಅಂತ ಫೋನ್‌ನಲ್ಲಿ ಆಟ ಆಡಿಸುವ ಆಪ್‌ಗೆ, ಸೇರಿದ ಮೇಲೆ ಬರೀ ಆಟ ಬರುವುದಿಲ್ಲ, ಸುದ್ದಿಯೂ ಬರುತ್ತಾ ಇರುತ್ತದೆ. ಹೊಸ ಆಟ ಬಂದಿದೆ, ಹೊಸ ಅಧ್ಯಯನ ಪ್ರಕಟವಾಗಿದೆ, ನಮ್ಮ ಬಳಗ ಇಷ್ಟು ಕೋಟಿ ಆಟ ಮುಗಿಸಿದೆ, ನಿಮ್ಮ ವಯಸ್ಸಿನವರಲ್ಲಿ ನೀವು ಮುಂದಿದ್ದೀರಿ, ಇವತ್ತು ಆಡದಿದ್ದರೆ ನಿಮ್ಮ ಸ್ಟ್ರೀಕ್ (ಒಂದು ದಿನವೂ ಬಿಡದೆ ಆಡಿದ ಲೆಕ್ಕ) ಹೋಗುತ್ತದೆ. ಇದರಲ್ಲಿ ಕೆಲವು ನಿಜಕ್ಕೂ ಬೇಕಾದ ಮಾಹಿತಿ, ಕೆಲವು ಶುದ್ಧ ಜಾಹೀರಾತು. ಎರಡನ್ನೂ ಒಂದೇ ಧಾಟಿಯಲ್ಲಿ ಬರೆದಿರುತ್ತಾರೆ. ಬೇರೆ ಮಾಡಿಕೊಳ್ಳುವ ಕೆಲಸ ನಮ್ಮದೇ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಂಥ ಆಪ್‌ಗೆ ದುಡ್ಡು ಕಟ್ಟುವ ಎಲ್ಲರೂ ಹೊತ್ತು ಕಳೆಯಲು ಬಂದವರಲ್ಲ. ಹೆಸರುಗಳು ಮರೆಯುತ್ತಿವೆ ಅಂತ ಹೆದರಿದವರಿದ್ದಾರೆ, ವಯಸ್ಸಾದ ಅಪ್ಪ ಅಮ್ಮನ ಚಿಂತೆ ಇರುವವರಿದ್ದಾರೆ, ಮಗುವಿಗೆ ಓದಿನಲ್ಲಿ ಗಮನ ನಿಲ್ಲಲಿ ಅಂತ ಬಯಸುವವರಿದ್ದಾರೆ. ಅವರಿಗೆ ಸರಿಯಾದ ಮಾತು ಸಿಗಬೇಕು.

ಸುದ್ದಿ ಯಾವುದೇ ಇರಲಿ, ಮೊದಲು ಕೇಳಬೇಕಾದ್ದು ಇಷ್ಟು: ಏನನ್ನು ಅಳೆದು ಈ ಮಾತು ಹೇಳುತ್ತಿದ್ದಾರೆ?

ಒಂದು ಆಟವನ್ನೇ ಹತ್ತಿರದಿಂದ ನೋಡಿ. ಪರದೆ ಮೇಲೆ ಐದು ಬಾಣದ ಗುರುತು ಸಾಲಾಗಿ ಬರುತ್ತವೆ. ನಡುವಿನ ಬಾಣ ಯಾವ ಕಡೆ ತಿರುಗಿದೆ ಅಂತ ನೀವು ಬೇಗ ಒತ್ತಬೇಕು. ಅಕ್ಕಪಕ್ಕದ ನಾಲ್ಕು ಕೆಲವೊಮ್ಮೆ ಬೇಕಂತಲೇ ಉಲ್ಟಾ ತಿರುಗಿರುತ್ತವೆ. ಮೊದಲ ದಿನ ತಪ್ಪು ಮೇಲೆ ತಪ್ಪು. ಸ್ವಲ್ಪ ದಿನ ಆಡಿದರೆ ಕಣ್ಣು ನೇರ ನಡುವಿಗೇ ಹೋಗುತ್ತದೆ, ಎರಡೂ ಹೆಬ್ಬೆರಳು ಪರದೆಯ ಎರಡು ತುದಿಯಲ್ಲಿ ಸಿದ್ಧವಾಗಿರುತ್ತವೆ, ಸ್ಕೋರ್ ಏರುತ್ತದೆ. ಆ ಏರಿಕೆ ಸುಳ್ಳಲ್ಲ. ಆದರೆ ಏರಿದ್ದು ಬಾಣದ ಆಟದಲ್ಲಿ ನಿಮ್ಮ ಕೈಚಳಕ. ಮೀಟಿಂಗ್‌ನಲ್ಲಿ ಗಮನ ಜಾಸ್ತಿ ಆಯಿತಾ, ಓದಿದ್ದು ತಲೆಯಲ್ಲಿ ನಿಲ್ಲುತ್ತಿದೆಯಾ, ಅದು ಬೇರೆ ಪ್ರಶ್ನೆ. "ನಮ್ಮ ಬಳಕೆದಾರರ ಗಮನ ಶಕ್ತಿ ಹೆಚ್ಚಿದೆ" ಅಂತ ಸುದ್ದಿ ಬಂದಾಗ, ಅದನ್ನು ಅದೇ ಆಟದ ಸ್ಕೋರ್‌ನಿಂದ ಹೇಳಿದ್ದಾರಾ, ಅಥವಾ ಆ ಜನ ಯಾವತ್ತೂ ಆಡದ ಬೇರೆ ಪರೀಕ್ಷೆ ಕೊಟ್ಟು ನೋಡಿ ಹೇಳಿದ್ದಾರಾ ಅಂತ ಹುಡುಕಿ. ಮೊದಲನೆಯದಾದರೆ ಅದು ಅಭ್ಯಾಸದ ಫಲ, ಅಷ್ಟೇ.

ಇದು ಸುಮ್ನೆ ಅನುಮಾನ ಅಲ್ಲ. 2010ರಲ್ಲಿ ಮೆದುಳಿನ ವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ ಬಿಬಿಸಿ ಜೊತೆ ಸೇರಿ ದೊಡ್ಡ ಪ್ರಯೋಗ ಮಾಡಿತು. 11,430 ಜನ ಆರು ವಾರ ಆನ್‌ಲೈನ್‌ನಲ್ಲಿ ಅಭ್ಯಾಸ ಮಾಡಿದರು. ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಫಲಿತಾಂಶ ಏನು ಗೊತ್ತಾ? ಅಭ್ಯಾಸ ಮಾಡಿದ ಪ್ರತಿಯೊಂದು ಆಟದಲ್ಲೂ ಜನ ಚೆನ್ನಾದರು. ಅಭ್ಯಾಸ ಮಾಡದ ಪರೀಕ್ಷೆಗಳಲ್ಲಿ, ಅವು ಆಟವನ್ನೇ ಹೋಲುವಂಥವು ಆಗಿದ್ದರೂ, ಲಾಭ ಕಾಣಲಿಲ್ಲ. 2016ರಲ್ಲಿ ಮನೋವಿಜ್ಞಾನಿ ಡೇನಿಯಲ್ ಸೈಮನ್ಸ್ ಮತ್ತು ಜೊತೆಗಾರರು ಕಂಪನಿಗಳು ತಮ್ಮ ಪರವಾಗಿ ತೋರಿಸುವ ಸಂಶೋಧನೆಗಳನ್ನೇ ಒಂದೊಂದಾಗಿ ತೆಗೆದು ನೋಡಿದರು. ಅವರು ಹೇಳಿದ್ದೂ ಹೆಚ್ಚುಕಡಿಮೆ ಇದೇ: ಆಡಿದ ಆಟದಲ್ಲಿ ಸುಧಾರಣೆ ಖಚಿತ, ಅದನ್ನು ಹೋಲುವ ಕೆಲಸದಲ್ಲಿ ಸ್ವಲ್ಪ, ದಿನದ ಬದುಕಿನಲ್ಲಿ ಪುರಾವೆ ತೀರಾ ಕಡಿಮೆ.

ಎರಡನೆಯ ಪ್ರಶ್ನೆ, ಯಾರ ಜೊತೆ ಹೋಲಿಸಿದ್ದಾರೆ? ಆಡಿದವರು ಸುಧಾರಿಸಿದರು ಅಂದರೆ ಸಾಲದು. ಅಷ್ಟೇ ಹೊತ್ತು ಬೇರೆ ಏನೋ ಮಾಡಿದವರು ಎಷ್ಟು ಸುಧಾರಿಸಿದರು ಅನ್ನುವುದೂ ಬೇಕು. ಒಂದೇ ಥರದ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ಯಾರಿಗಾದರೂ ಮಾರ್ಕ್ಸ್ ಸ್ವಲ್ಪ ಜಾಸ್ತಿ ಬರುತ್ತದೆ, ಅಲ್ವಾ? ಅದಕ್ಕಿಂತ ದೊಡ್ಡ ತೊಂದರೆ ನಿರೀಕ್ಷೆಯದು. 2016ರಲ್ಲೇ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕರು ಎರಡು ಥರದ ಪೋಸ್ಟರ್ ಹಾಕಿ ಜನರನ್ನು ಕರೆದರು. ಒಂದರಲ್ಲಿ ಮೆದುಳು ಚುರುಕಾಗುವ ತರಬೇತಿ ಅಂತಿತ್ತು. ಇನ್ನೊಂದರಲ್ಲಿ ಬರೀ ಅಧ್ಯಯನಕ್ಕೆ ಜನ ಬೇಕು ಅಂತಿತ್ತು. ಇಬ್ಬರಿಗೂ ಒಂದೇ ಒಂದು ಗಂಟೆಯ ಅದೇ ತರಬೇತಿ. ಮೊದಲ ಪೋಸ್ಟರ್ ನೋಡಿ ಬಂದವರ ಬುದ್ಧಿಮತ್ತೆ ಪರೀಕ್ಷೆಯ ಅಂಕ ಮಾತ್ರ ಐಕ್ಯೂ ಲೆಕ್ಕದಲ್ಲಿ 5ರಿಂದ 10ರಷ್ಟು ಏರಿತು! ಅದಕ್ಕೇ, ಹೋಲಿಕೆಯ ಗುಂಪಿನವರೂ ಏನೋ ಒಂದು ಆಟ ಆಡುತ್ತಾ, ತಮಗೂ ಉಪಯೋಗ ಆಗುತ್ತಿದೆ ಅಂತಲೇ ನಂಬಿದ್ದರಾ ಅಂತ ನೋಡಬೇಕು. ಸುದ್ದಿಯಲ್ಲಿ ಹೋಲಿಕೆಯ ಗುಂಪಿನ ಮಾತೇ ಇಲ್ಲದಿದ್ದರೆ ಆ ಸುದ್ದಿಗೆ ಹೆಚ್ಚು ಬೆಲೆ ಕೊಡಬೇಡಿ.

ಇನ್ನು "ಡಿಮೆನ್ಷಿಯಾ" (ದಿನದ ಬದುಕಿಗೇ ಅಡ್ಡಿಯಾಗುವ ಮರೆವಿನ ಕಾಯಿಲೆ) ಅನ್ನುವ ಪದ ಬಂದ ಸುದ್ದಿ. ಇಲ್ಲಿ ನಿಧಾನ ಮಾಡಿ, ಯಾಕೆಂದರೆ ಇದರ ಹಿಂದೆ ಒಂದು ಒಳ್ಳೆಯ ಅಧ್ಯಯನವೇ ಇದೆ. ಅಮೆರಿಕದಲ್ಲಿ ನಡೆದ ಆಕ್ಟಿವ್ ಅನ್ನುವ ಪ್ರಯೋಗದಲ್ಲಿ 65 ದಾಟಿದ 2,832 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ನೆನಪಿನ ತರಬೇತಿ, ಒಂದಕ್ಕೆ ತರ್ಕ, ಒಂದಕ್ಕೆ ಕಣ್ಣಿಗೆ ಬಿದ್ದದ್ದನ್ನು ಬೇಗ ಗುರುತಿಸುವ ವೇಗದ ತರಬೇತಿ, ಕೊನೆಯ ಗುಂಪಿಗೆ ಏನೂ ಇಲ್ಲ. ಹತ್ತು ವರ್ಷದ ನಂತರವೂ ತರ್ಕ ಮತ್ತು ವೇಗದ ಲಾಭ ಉಳಿದಿತ್ತು, ನೆನಪಿನದು ಉಳಿದಿರಲಿಲ್ಲ. 2017ರಲ್ಲಿ ಬಂದ ವಿಶ್ಲೇಷಣೆಯಲ್ಲಿ ವೇಗದ ಗುಂಪಿನವರಿಗೆ ಡಿಮೆನ್ಷಿಯಾ ಅಪಾಯ 29% ಕಡಿಮೆ ಕಂಡಿತು. ಉಳಿದ ಎರಡು ತರಬೇತಿಗೆ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಇಲ್ಲೇ ಇರುವುದು ವಿಷಯ. ಈ 29% "ಬ್ರೈನ್ ಟ್ರೈನಿಂಗ್" ಅನ್ನುವ ಇಡೀ ಜಾತಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಒಂದು ನಿರ್ದಿಷ್ಟ ಅಭ್ಯಾಸಕ್ಕೆ ಸಂಬಂಧಿಸಿದ್ದು: ಪರದೆಯ ನಡುವೆ ಕಾರು ಅಥವಾ ಟ್ರಕ್ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ, ಅದೇ ಹೊತ್ತಿಗೆ ಅಂಚಿನಲ್ಲಿ ಎಲ್ಲೋ ಇನ್ನೊಂದು ಕಾರು, ಎರಡನ್ನೂ ಹೇಳಬೇಕು. ಅದರ ಈಗಿನ ರೂಪ ಬ್ರೈನ್‌ಎಚ್‌ಕ್ಯೂ ಅನ್ನುವ ಆಪ್‌ನಲ್ಲಿದೆ. ಪದ ಜೋಡಿಸುವ ಆಟ ಮಾರುವ ಕಂಪನಿ ಈ ಅಂಕಿ ತೋರಿಸಿದರೆ ಅದು ಬೇರೆಯವರ ಫಲಿತಾಂಶವನ್ನು ತನ್ನದು ಅಂತ ಹೇಳಿಕೊಂಡ ಹಾಗೆ. ಜೊತೆಗೆ, ಹೋಲಿಕೆಯ ಗುಂಪಿಗೆ ಯಾವ ತರಬೇತಿಯೂ ಇರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಭರವಸೆ ಇದೆ, ಖಾತರಿ ಇಲ್ಲ.

ಮಕ್ಕಳ ವಿಷಯಕ್ಕೂ ಹೀಗೇ ಓದಿ. 2020ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ಚಿಕಿತ್ಸಾ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಎಂಡೆವರ್‌ಆರ್‌ಎಕ್ಸ್ ಅನ್ನುವ ವಿಡಿಯೋ ಗೇಮ್‌ಗೆ ಅನುಮತಿ ಕೊಟ್ಟಿತು. ಆಗ ಆ ಅನುಮತಿ ಇದ್ದದ್ದು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರುವ 8ರಿಂದ 12 ವರ್ಷದ ಮಕ್ಕಳಿಗೆ, ಕಂಪ್ಯೂಟರ್ ಪರೀಕ್ಷೆಯಲ್ಲಿ ಅಳೆದ ಗಮನದ ಸುಧಾರಣೆಗೆ, ಬೇರೆ ಚಿಕಿತ್ಸೆಯ ಜೊತೆಗೆ. ಪ್ರತಿ ಪದಕ್ಕೂ ಅರ್ಥ ಇದೆ. ಅದನ್ನು "ಗೇಮ್ ಆಡಿದರೆ ಮಕ್ಕಳು ಜಾಣರಾಗುತ್ತಾರೆ" ಅಂತ ಓದಿಕೊಳ್ಳಬಾರದು.

ಬಳಗದ ಸುದ್ದಿ, ಅಂದರೆ ಬಳಕೆದಾರರ ಅನುಭವದ ಕಥೆಗಳು, ಓದಲು ಖುಷಿ ಕೊಡುತ್ತವೆ. ಆದರೆ ಲಾಭ ಕಾಣದವರು ಆಪ್ ಬಿಟ್ಟು ಹೋಗಿರುತ್ತಾರೆ, ಅವರ ಕಥೆ ಯಾರೂ ಹಾಕುವುದಿಲ್ಲ. 2016ರ ಜನವರಿಯಲ್ಲಿ ಲುಮೋಸಿಟಿ ಅನ್ನುವ ಬ್ರೈನ್ ಟ್ರೈನಿಂಗ್ ಆಪ್ ನಡೆಸುವ ಲುಮೋಸ್ ಲ್ಯಾಬ್ಸ್, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಕೆಲಸ, ಓದು, ವಯಸ್ಸಿನ ಮರೆವು ಎಲ್ಲಕ್ಕೂ ಈ ಆಟ ನೆರವಾಗುತ್ತದೆ ಅನ್ನುವ ಜಾಹೀರಾತಿಗೆ ಪುರಾವೆ ಇಲ್ಲ ಅನ್ನುವುದು ಮುಖ್ಯ ಆರೋಪ. ಅದರ ಜೊತೆಗೇ ಇನ್ನೊಂದು ಆರೋಪವೂ ಇತ್ತು: ಕೆಲವು ಬಳಕೆದಾರರ ಮೆಚ್ಚುಗೆಯ ಮಾತುಗಳನ್ನು ಐಪ್ಯಾಡ್, ಜೀವಮಾನದ ಸಬ್‌ಸ್ಕ್ರಿಪ್ಷನ್‌ನಂಥ ಬಹುಮಾನದ ಸ್ಪರ್ಧೆ ಇಟ್ಟು ಬರೆಸಿಕೊಂಡದ್ದು, ಅದನ್ನು ಓದುಗರಿಗೆ ತಿಳಿಸದೇ ಇದ್ದದ್ದು. ಹಾಗಾಗಿ ಕಥೆಯ ಕೆಳಗೆ ಸ್ಪರ್ಧೆ ಅಥವಾ ಬಹುಮಾನದ ಸುಳಿವು ಇದೆಯಾ ಅಂತ ಒಮ್ಮೆ ಕಣ್ಣಾಡಿಸಿ.

"ನಿಮ್ಮ ವಯಸ್ಸಿನವರಲ್ಲಿ ನೀವು ಮುಂದೆ" ಅನ್ನುವುದು ಆ ಆಪ್ ಆಡುವವರ ನಡುವಿನ ಲೆಕ್ಕ, ಊರಿನ ಎಲ್ಲರದ್ದಲ್ಲ. ಫೋನ್ ಬದಲಿಸಿದರೂ, ಮೌಸ್ ಬಿಟ್ಟು ಟಚ್‌ಗೆ ಬಂದರೂ, ಅಪ್‌ಡೇಟ್‌ನಲ್ಲಿ ಆಟದ ವೇಗ ತಿದ್ದಿದರೂ ಸ್ಕೋರ್ ಹಾರುತ್ತದೆ ಅಥವಾ ಬೀಳುತ್ತದೆ. ಅದಕ್ಕೇ "ಆಟದಲ್ಲಿ ಬದಲಾವಣೆ" ಅನ್ನುವ ಸಣ್ಣ ಸುದ್ದಿಯನ್ನು ನಾನು ಎಲ್ಲಕ್ಕಿಂತ ಮೊದಲು ಓದಿ ಅಂತ ಹೇಳುತ್ತೇನೆ. ಸ್ಕೋರ್ ಇಳಿದದ್ದಕ್ಕೆ ಮೆದುಳು ಮಂಕಾಯಿತು ಅಂತ ಯಾರೂ ರಾತ್ರಿ ನಿದ್ದೆ ಕೆಡಿಸಿಕೊಳ್ಳಬಾರದು. ಸ್ಟ್ರೀಕ್ ಉಳಿಸಲು ನಿದ್ದೆ ಬಿಡುವುದಂತೂ ಬೇಡವೇ ಬೇಡ, ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಖಾಸಗಿತನದ ನಿಯಮ ಬದಲಾಗಿದೆ ಅಂತ ಬಂದರೆ ನಿಮ್ಮ ಸ್ಕೋರ್ ಸಂಶೋಧನೆಗೆ ಹೋಗುತ್ತದೆಯಾ, ಬೇಡ ಅನ್ನಲು ಅವಕಾಶ ಇದೆಯಾ ನೋಡಿ.

ಹಾಗಾದರೆ ಆಡಬಾರದಾ? ಆಡಿ. ಇಷ್ಟವಾದರೆ ಧಾರಾಳವಾಗಿ ಆಡಿ. ಫಿನ್‌ಲ್ಯಾಂಡ್‌ನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆದ ಫಿಂಗರ್ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಎರಡು ವರ್ಷ ಆಹಾರ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿಯಂಥವುಗಳ ಮೇಲೆ ನಿಗಾ, ಇಷ್ಟನ್ನೂ ಒಟ್ಟಿಗೆ ಮಾಡಿದವರು ಮಾಮೂಲಿ ಸಲಹೆ ಮಾತ್ರ ಪಡೆದವರಿಗಿಂತ ಪರೀಕ್ಷೆಗಳಲ್ಲಿ ಚೆನ್ನಾಗಿದ್ದರು. ಯಾವುದರಿಂದ ಎಷ್ಟು ಲಾಭ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ಆಟಕ್ಕೋಸ್ಕರ ವಾಕಿಂಗ್ ಬಿಡುವುದು ಬೇಡ ಅನ್ನುವುದಕ್ಕೆ ಇಷ್ಟು ಸಾಕು.

ಮರೆವು ದಿನದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವಂತಾಗಿದ್ದರೆ ಆಪ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯ ತೊಂದರೆ, ಕೆಲವು ಮಾತ್ರೆಗಳು, ಇವೆಲ್ಲ ಮರೆವು ತರಬಹುದು, ಮತ್ತು ಇವಕ್ಕೆ ಪರಿಹಾರ ಇದೆ.

ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಬದುಕಿನಲ್ಲಿ ಏನು ಬದಲಾಗಬೇಕು ಅಂತ ಒಂದೇ ಸಾಲು ಬರೆದಿಡಿ, ಉದಾಹರಣೆಗೆ "ಹೊಸಬರ ಹೆಸರು ಮರುದಿನವೂ ನೆನಪಿರಬೇಕು". ಸಬ್‌ಸ್ಕ್ರಿಪ್ಷನ್ ರಿನ್ಯೂ ಆಗುವ ಒಂದು ವಾರ ಮುಂಚೆ ಫೋನ್‌ನಲ್ಲಿ ರಿಮೈಂಡರ್ ಇಟ್ಟು ಆ ಸಾಲನ್ನು ತೆಗೆದು ನೋಡಿ. ಆಪ್ ಒಳಗಿನ ಸ್ಕೋರ್ ನೋಡಬೇಡಿ, ಆ ಸಾಲನ್ನು ಮಾತ್ರ. ಬೇಡ ಅನಿಸಿದರೆ ಆಪ್ ಸ್ಟೋರ್ ಅಥವಾ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪುಟಕ್ಕೆ ಹೋಗಿ ಕ್ಯಾನ್ಸಲ್ ಮಾಡಿ, ಕಂಪನಿಯ ವೆಬ್‌ಸೈಟ್‌ನಲ್ಲೇ ಕಟ್ಟಿದ್ದರೆ ಅಲ್ಲೇ ಮಾಡಿ. ಫೋನ್‌ನಿಂದ ಆಪ್ ತೆಗೆದುಹಾಕಿದ ಮಾತ್ರಕ್ಕೆ ದುಡ್ಡು ಕಟ್ ಆಗುವುದು ನಿಲ್ಲುವುದಿಲ್ಲ.