ಮಾರ್ಚ್ 25ರಿಂದ ಹಿಂದಕ್ಕೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತದ ಅನ್ನೋ ಮಾತು ನಮ್ಮ ರಾಯಚೂರಿನಲ್ಲಿ ಹುಟ್ಟಿರಲಿಕ್ಕಿಲ್ಲ. ಸಂಕ್ರಾಂತಿಯ ಕುಸುರೆಳ್ಳಿನ ಡಬ್ಬಿ ಖಾಲಿಯಾಗುವಷ್ಟರಲ್ಲೇ ಇಲ್ಲಿ ಚಳಿ ಗಂಟುಮೂಟೆ ಕಟ್ಟಿರುತ್ತದೆ. ಮಾಳಿಗೆ ಮೇಲೆ ಕುಂಡ ಇಟ್ಟುಕೊಂಡ ಮೊದಲ ಮೂರು ವರ್ಷ ಇದು ನನ್ನ ತಲೆಗೆ ಹೋಗಲೇ ಇಲ್ಲ. ಬೆಂಗಳೂರಿನವರ ವಿಡಿಯೋ ನೋಡಿ ಫೆಬ್ರವರಿಯಲ್ಲಿ ಟೊಮೆಟೊ ಸಸಿ ನೆಟ್ಟೆ. ಗಿಡ ಸೊಂಟದೆತ್ತರ ಬಂತು, ಗೊಂಚಲು ಗೊಂಚಲು ಹೂವೂ ಬಂತು. ಕಾಯಿ ಮಾತ್ರ ಇಲ್ಲ.

ಟೊಮೆಟೊ ಹೂವಿನ ತೊಟ್ಟಿನ ನಡುವೆ ಸಣ್ಣ ಗೆಣ್ಣು ಇರುತ್ತದೆ. ಮೊದಲು ಅದು ಹಳದಿಯಾಗುತ್ತದೆ. ಆಮೇಲೆ ಬೆರಳು ತಾಗಿಸಿದರೆ ಸಾಕು, ಹೂವು ಅಲ್ಲಿಗೇ ಕಳಚಿ ಅಂಗೈಗೆ ಬೀಳುತ್ತದೆ. ಗೊಬ್ಬರ ಕಡಿಮೆಯಾಯಿತೇನೋ ಎಂದು ಗೊಬ್ಬರ ಹಾಕಿದೆ, ನೀರು ಕಡಿಮೆಯೇನೋ ಎಂದು ನೀರು ಹಾಕಿದೆ. ತಪ್ಪು ಎರಡರದ್ದೂ ಅಲ್ಲ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಧಗೆ ಇಳಿಯದಿದ್ದರೆ ಟೊಮೆಟೊದ ಪರಾಗ ಕೆಲಸಕ್ಕೆ ಬರುವುದಿಲ್ಲ. ನಮ್ಮಲ್ಲಿ ಮಾರ್ಚ್ ಅಂದರೆ ಅದೇ.

ಲೆಕ್ಕ ಹೇಳಿಕೊಟ್ಟವಳು ಮಗಳು. ಅವಳಿರುವುದು ಮಿನಿಯಾಪೊಲಿಸ್‌ನಲ್ಲಿ. ಹೊರಗೆ ಮಣ್ಣು ಕಲ್ಲಿನ ಹಾಗೆ ಹೆಪ್ಪುಗಟ್ಟಿರುವಾಗ, ಮನೆಯೊಳಗೆ ಕಿಟಕಿ ಪಕ್ಕ ಲೈಟ್ ಕಟ್ಟಿ ಟ್ರೇಯಲ್ಲಿ ಉಳ್ಳಾಗಡ್ಡಿ ಸಸಿ ಬೆಳೆಸುತ್ತಾಳೆ. ನೋಡಿದರೆ ಗೊಂಬೆಯ ಕೂದಲಿದ್ದಂತೆ. "ಟೊಮೆಟೊ ಹಾಕಿಲ್ಲೇನು?" ಅಂದೆ.

"ಅಮ್ಮಾ, ಅದಕ್ಕಿನ್ನೂ ಟೈಮ್ ಅದ. ಇಲ್ಲಿ ಮೇ ನಡುವಿನ ತನಕ ರಾತ್ರಿ ಹೆಪ್ಪುಗಟ್ಟೋ ಭಯ ಇರ್ತದ. ಆ ತಾರೀಖಿನಿಂದ ಆರೇಳು ವಾರ ಹಿಂದಕ್ಕ ಎಣಿಸಿ ಬೀಜ ಹಾಕ್ತೀವಿ. ನೀನೂ ಹಂಗ ಎಣಿಸು. ನಮಗ ಚಳಿ ವೈರಿ, ನಿಮಗ ಬಿಸಿಲು."

ಅವತ್ತು ಕ್ಯಾಲೆಂಡರ್ ಇಳಿಸಿ ಮಾರ್ಚ್ 25ಕ್ಕೆ ಕೆಂಪು ಗೀಟು ಎಳೆದೆ. ಅದರಾಚೆ ನನ್ನ ಮಾಳಿಗೆ ಮೇಲೆ ಎಳೆ ಸಸಿ ಬೇರೂರುವುದಿಲ್ಲ, ಬೆಳೆದ ಗಿಡ ಮಾತ್ರ ತಡೆಯುತ್ತದೆ. ಬೆಂಡೆ ಬಿತ್ತಿ ಮೊದಲ ಕಾಯಿ ಕೀಳಲು 45ರಿಂದ 50 ದಿನ. ಹಾಗಾದರೆ ಫೆಬ್ರವರಿ 5ರೊಳಗೆ ಬೀಜ ಮಣ್ಣಿಗೆ ಬೀಳಲೇಬೇಕು. ಹೀರೆ, ಹಾಗಲ, ಸವತೆ ಇನ್ನೂ ಒಂದು ವಾರ ಮೊದಲು, ಬಳ್ಳಿ ಹಬ್ಬಲು ಸಮಯ ಬೇಕಲ್ಲ. ಚವಳಿಕಾಯಿ, ಅಂದರೆ ಗೋರಿಕಾಯಿ, ಗಟ್ಟಿ ಜೀವ, ತಡವಾದರೂ ಮುನಿಸಿಕೊಳ್ಳುವುದಿಲ್ಲ. ಪುಂಡಿ ಪಲ್ಯದ ಬಗ್ಗೆ ನಾನು ಹೇಳಬೇಕಾಗಿಯೇ ಇಲ್ಲ. ಮೆಂತ್ಯ, ಕೊತ್ತಂಬರಿ, ಹಕ್ಕರಕಿ ಸೊಪ್ಪು ಮಾತ್ರ ಈ ಹೊತ್ತಿಗೆ ಹೂವಿಗೆ ಎದ್ದಿರುತ್ತವೆ. ಕಿತ್ತು ಕುಂಡ ಖಾಲಿ ಮಾಡುತ್ತೇನೆ. ಟೊಮೆಟೊ ಈಗ ಸೆಪ್ಟೆಂಬರ್ ಕೊನೆಗೆ ಸಸಿ ಮಾಡಿ, ಜನವರಿ ಹೊತ್ತಿಗೆ ಹಣ್ಣು ಕೀಳುವ ಬೆಳೆ.

ಹಬ್ಬ ನೋಡಿ ಬಿತ್ತುವ ರೂಢಿಯನ್ನೂ ಬಿಟ್ಟೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು, 2026ರಲ್ಲಿ 19ಕ್ಕೆ. ಹನ್ನೊಂದು ದಿನ ಆ ಕಡೆ ಈ ಕಡೆ ಆದರೆ ಕುಂಡದ ಬೆಂಡೆಗೆ ಅದು ದೊಡ್ಡ ಮಾತು. ಹೊಲದವರು ಚಂದ್ರನ ಲೆಕ್ಕದ ತಿಥಿ ಬಿಟ್ಟು ರೋಹಿಣಿ, ಮೃಗಶಿರ ಅಂತ ಮಳೆ ನಕ್ಷತ್ರ ಹಿಡಿದು ಬಿತ್ತುವುದು ಯಾಕೆಂದು ಆಗ ಹೊಳೆಯಿತು. ಅದು ಸೂರ್ಯನ ಲೆಕ್ಕ, ವರ್ಷ ವರ್ಷ ಜರುಗುವುದಿಲ್ಲ.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲಕ್ಕೆ ನಮ್ಮ ಕಪ್ಪು ಎರಿ ಮಣ್ಣು ಬಂಗಾರ, ಕುಂಡಕ್ಕೆ ತಲೆನೋವು. ಒಂದು ದಿನ ನೀರು ತಪ್ಪಿದರೂ ಅದು ಕುಗ್ಗಿ ಕುಂಡದ ಗೋಡೆಯಿಂದ ಬೆರಳು ಹೋಗುವಷ್ಟು ದೂರ ಸರಿಯುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಲ್ಲಿಳಿದು ಕೆಳಗಿನ ತೂತಿನಿಂದ ಹೊರಗೆ. ನೆಲ ಒದ್ದೆ, ಬೇರು ಒಣ! ಈಗ ಎರಿ ಒಂದು ಪಾಲು, ಕೆಂಪು ಮಸಾರಿ ಮಣ್ಣು ಎರಡು ಪಾಲು, ತಿಪ್ಪೆ ಗೊಬ್ಬರ ಒಂದು ಪಾಲು, ಮೇಲೆ ಎರಡು ಹಿಡಿ ಮರಳು. ಹೊದಿಕೆಗೆ ಮೊದಲು ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತಂದಿದ್ದೆ. ಮಧ್ಯಾಹ್ನದ ಗಾಳಿಗೆ ಅದು ಪಕ್ಕದ ಮನೆಯವರು ಒಣಹಾಕಿದ ಶಂಡಿಗೆ ಮೇಲೆ ಹೋಗಿ ಕೂತಿತು. ಆಮೇಲಿನ ಕಥೆ ಬೇಡ. ಈಗ ಶೇಂಗಾ ಹೊಟ್ಟು ಹಾಸಿ, ಮೇಲೆ ಜೋಳದ ಸೊಪ್ಪೆ ಕತ್ತರಿಸಿ ಅಡ್ಡ ಇಡುತ್ತೇನೆ.

ಹೋದ ವರ್ಷದ ಎಡವಟ್ಟು ಒಂದು ಹೇಳಲೇಬೇಕು. ಊರಿಗೆ ಹೋಗಿ ಮಧ್ಯಾಹ್ನ ಎರಡಕ್ಕೆ ಬಂದೆ, ಸವತೆ ಸಸಿ ಬಾಡಿ ಜೋತುಬಿದ್ದಿದ್ದವು. ಗಡಿಬಿಡಿಯಲ್ಲಿ ಮಾಳಿಗೆ ಮೇಲೆ ಬಿದ್ದಿದ್ದ ಪೈಪು ಹಿಡಿದು ನೇರ ಬುಡಕ್ಕೇ ಬಿಟ್ಟೆ. ಕಾಲಿಗೆ ಹನಿ ಸಿಡಿದಾಗಲೇ ಗೊತ್ತಾಗಿದ್ದು, ಪೈಪಿನೊಳಗಿನ ನೀರು ಬಿಸಿಲಿಗೆ ಸ್ನಾನದ ನೀರಿಗಿಂತ ಹೆಚ್ಚು ಕಾದಿತ್ತು. ಸಂಜೆಗೆ ಎಂಟೂ ಸಸಿ ಬೇಯಿಸಿದ ಸೊಪ್ಪಿನಂತೆ ಮಲಗಿದವು. ಮಧ್ಯಾಹ್ನ ಬಾಡಿದ್ದು ಸಂಜೆಗೆ ತಾನಾಗಿ ಏಳುವುದೂ ಉಂಟು. ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಬೇಕಿತ್ತು. ಈಗ ಬೆಳಗ್ಗೆ ಏಳರೊಳಗೇ ನೀರು, ಪೈಪಿನ ಮೊದಲ ಎರಡು ಬಕೆಟ್ ಪಾತ್ರೆ ತೊಳೆಯಲಿಕ್ಕೆ. ಕಪ್ಪು ಗ್ರೋ ಬ್ಯಾಗ್‌ಗಳಿಗೆ ಗೋಣಿಚೀಲ ಸುತ್ತಿದ್ದೇನೆ, ಮಾಳಿಗೆಗೆ ಸುಣ್ಣ ಹೊಡೆಸಿದ್ದೇನೆ. ಹೋಳಿಯ ಹೊತ್ತಿಗೆ 50 ಪರ್ಸೆಂಟಿನ ಹಸಿರು ಶೇಡ್ ನೆಟ್ ಏರುತ್ತದೆ, ರಾಜಗಿರಿ ಮತ್ತು ಬಸಳೆ ಅದರಡಿಗೆ. ಬೆಂಡೆಗೆ ಬಿಸಿಲೇ ಬೇಕು, ಅದನ್ನು ಹೊರಗೇ ಬಿಡುತ್ತೇನೆ.

ನಮ್ಮ ಬಿಸಿಲನ್ನು ಬೈದು ಬೈದು ಸಾಕಾದಾಗ ದುಂಡು ಮಲ್ಲಿಗೆ ನೋಡುತ್ತೇನೆ. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಎಲೆ ಉದುರಿಸಿ, ಮೊಣಕಾಲೆತ್ತರಕ್ಕೆ ಸವರಿದ ಗಿಡ ಮಾರ್ಚಿಗೆ ಮೊಗ್ಗು ಕಟ್ಟುತ್ತದೆ. ಬಿಸಿಲು ಏರಿದಷ್ಟೂ ಮೊಗ್ಗು ಹೆಚ್ಚು. ವಿರಾಜಪೇಟೆಯ ನಾದಿನಿಯ ಕಡೆ ಇದೇ ಹೊತ್ತಿಗೆ ಕಾಫಿಯವರು ಹೂಮಳೆಗಾಗಿ ಮೋಡ ನೋಡುತ್ತಿರುತ್ತಾರೆ. ಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಫೋಟೋ ಕಳಿಸಿ "ಅತ್ತಿಗೆ, ಪರಿಮಳ ಕಳಿಸೋಕಾಗಲ್ಲವಲ್ಲ" ಅಂತಾಳೆ. ನಾನೂ ಮಲ್ಲಿಗೆಯ ಫೋಟೋ ತೆಗೆದು ಅದೇ ಮಾತು ವಾಪಸ್ ಕಳಿಸುತ್ತೇನೆ.

ಈ ಸಲ ಬೆಂಡೆ ಗೀಟಿಗಿಂತ ಮೂರು ದಿನ ಮೊದಲೇ ಸಿಕ್ಕಿತು. ಹನ್ನೊಂದು ಕಾಯಿ, ಪಲ್ಯಕ್ಕೆ ಸಾಲದು. ಸಣ್ಣಗೆ ಹೆಚ್ಚಿ ಹುರಿದು ಮೊಸರಿಗೆ ಹಾಕಿ, ರೊಟ್ಟಿಗೆ ಹಚ್ಚಿಕೊಂಡು ಉಂಡೆವು. ಮಗಳಿಗೆ ತೋರಿಸೋಣ ಅಂತ ಕಾಲ್ ಮಾಡಿದರೆ ಅವಳು ಅಂದೇ ಟೊಮೆಟೊ ಬೀಜ ಟ್ರೇಗೆ ಹಾಕುತ್ತಿದ್ದಳು, ಕಿಟಕಿಯಾಚೆ ಹಿಮ ಬೀಳುತ್ತಿತ್ತು.