ಕ್ಯಾಮೆರಾ ಆಮೇಲೆ ಕೊಳ್ಳಿ, ಮೊದಲು ಹಾಡು ಹುಡುಕಿ

"ಅಣ್ಣಾ, ಆಲ್ಬಂ ಸಾಂಗ್ ಡೈರೆಕ್ಟ್ ಮಾಡ್ಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?"

ತಿಂಗಳಿಗೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಆಲ್ಬಂ ಸಾಂಗ್ ಅಂದರೆ ಸಿನಿಮಾಕ್ಕೆ ಸೇರದ, ಸ್ವತಂತ್ರವಾಗಿ ಮಾಡುವ ವಿಡಿಯೋ ಹಾಡು. ಯಾವುದೂ ಬೇಡ ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಮೊದಲ ಹಾಡಿಗೆ ಕೈಯಲ್ಲಿರುವ ಮೊಬೈಲೂ ಆಗುತ್ತದೆ. ಬಾಡಿಗೆಗೆ ಸಿಗದೇ ಇರುವುದು ಹಾಡು.

ಹಾಗಾಗಿ ಮೊದಲ ಕೆಲಸ, ನಿಮ್ಮ ಸುತ್ತಮುತ್ತ ಹಾಡು ಮಾಡುತ್ತಿರುವವರನ್ನು ಹುಡುಕುವುದು. ಕಾಲೇಜಿನ ಬ್ಯಾಂಡ್, ಪಕ್ಕದ ಬೀದಿಯಲ್ಲಿ ರ‍್ಯಾಪ್ ಬರೆಯುವ ಹುಡುಗ, ಸುಗಮ ಸಂಗೀತ ಕಲಿಸುವ ಮೇಡಂ, ಯಾರಾದರೂ ಸರಿ. ಉತ್ತರ ಕರ್ನಾಟಕದ ಕಡೆಯವರಾದರೆ ನಿಮ್ಮ ಅದೃಷ್ಟ, ಅಲ್ಲಿ ಯೂಟ್ಯೂಬ್‌ಗೆಂದೇ ಜಾನಪದ ಹಾಡು ಮಾಡುವವರು ಊರೂರಲ್ಲಿ ಇದ್ದಾರೆ. ಅವರ ಹತ್ತಿರ ಹಾಡಿದೆ, ದೃಶ್ಯ ಮಾಡಿಕೊಡುವವರು ಬೇಕು. ನಿಮ್ಮ ಹತ್ತಿರ ಹುಮ್ಮಸ್ಸಿದೆ, ಹಾಡು ಬೇಕು.

ಹಾಡು ಸಿಕ್ಕ ಕೂಡಲೇ ಕುಣಿಯಬೇಡಿ. ಅದು ಯಾರದ್ದು ಅಂತ ಕೇಳಿ. ಒಂದು ಹಾಡಿನಲ್ಲಿ ಸಾಹಿತ್ಯ, ರಾಗ ಸಂಯೋಜನೆ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು ಇರುತ್ತದೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಸಾಹಿತ್ಯದ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ ಅವರ ಕವನಕ್ಕೆ 2041ರ ಕೊನೆಯವರೆಗೂ ಅನುಮತಿ ಬೇಕು. ಶಿಶುನಾಳ ಷರೀಫರು 1889ರಲ್ಲೇ ಹೋದವರು, ಅವರ ತತ್ವಪದ ಯಾರು ಬೇಕಾದರೂ ಹಾಡಬಹುದು. ಎಡವುವುದು ಇಲ್ಲೇ. ಪದ ಷರೀಫರದ್ದಾದರೂ ಕ್ಯಾಸೆಟ್ ಕಾಲದಿಂದ ನಮ್ಮ ಕಿವಿಯಲ್ಲಿ ಕೂತಿರುವ ರಾಗ ಸಿ. ಅಶ್ವತ್ಥ್ ಅವರದ್ದಾಗಿದ್ದರೆ, ಆ ರಾಗಕ್ಕೆ ಬೇರೆ ಹಕ್ಕಿದೆ. ಅದೇ ಪದಕ್ಕೆ ನಿಮ್ಮವರೇ ಹೊಸ ರಾಗ ಹಾಕಿದರೆ ತಕರಾರಿಲ್ಲ. ಏನೇ ಇದ್ದರೂ ಬರೆದವರು, ರಾಗ ಹಾಕಿದವರು, ಹಾಡಿದವರು, ದುಡ್ಡು ಹಾಕಿದವರು ಎಲ್ಲರ ಒಪ್ಪಿಗೆ ಒಂದು ಹಾಳೆಯಲ್ಲಿ ಸಹಿಯೊಂದಿಗೆ ಇರಲಿ. ಸ್ನೇಹಿತರಾದರೂ ಅಷ್ಟೇ. ಸ್ನೇಹಿತರಾದರೆ ಇನ್ನೂ ಮುಖ್ಯ.

ಈಗ ನಿಜವಾದ ನಿರ್ದೇಶನ. ಹೆಡ್‌ಫೋನ್ ಹಾಕಿಕೊಂಡು ಆ ಹಾಡನ್ನು ಒಂದು ವಾರ ಕೇಳಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಸಮಯ, ಸಾಲು, ಏನು ಕಾಣಬೇಕು, ಎಲ್ಲಿ. ಪಲ್ಲವಿ ಎಷ್ಟು ಸೆಕೆಂಡಿಗೆ ಶುರು, ಬರೀ ವಾದ್ಯ ನುಡಿಯುವ ಬಿಜಿಎಂ ಎಲ್ಲಿಂದ ಎಲ್ಲಿವರೆಗೆ, ಎರಡನೇ ಚರಣದಲ್ಲಿ ತಬಲಾ ನಿಂತು ಕೊಳಲು ಮಾತ್ರ ಉಳಿಯುವುದು ಎಲ್ಲಿ, ಎಲ್ಲಾ ಬರೆಯಿರಿ. ಲೆಕ್ಕ ಸುಲಭ. ನಾಲ್ಕು ನಿಮಿಷದ ಹಾಡು ಅಂದರೆ 240 ಸೆಕೆಂಡು. ಒಂದು ಶಾಟ್ ಸರಾಸರಿ 3 ಸೆಕೆಂಡು ಪರದೆಯ ಮೇಲೆ ಇದ್ದರೆ 80 ಶಾಟ್ ಬೇಕು. 80 ಶಾಟ್ ತಲೆಯಲ್ಲೇ ಇದೆ ಎನ್ನುವವರು ಮಧ್ಯಾಹ್ನ ಎರಡು ಗಂಟೆಗೆ ಲೊಕೇಶನ್‌ನಲ್ಲಿ ನಿಂತು ಆಕಾಶ ನೋಡುತ್ತಿರುತ್ತಾರೆ. ನಾನೂ ನೋಡಿದ್ದೇನೆ.

ಸಾಲಿನಲ್ಲಿ ಮಳೆ ಅಂತ ಬಂದರೆ ಮಳೆಯನ್ನೇ ತೋರಿಸಬೇಕಾಗಿಲ್ಲ. ಅದು ಕಿವಿಗೆ ಬಿದ್ದಾಗಿದೆ. ಬಾಗಿಲ ಹತ್ತಿರ ಬಿಟ್ಟ ಒದ್ದೆ ಚಪ್ಪಲಿ ತೋರಿಸಿ, ಸಾಕು.

ಶೂಟಿಂಗಿನಲ್ಲಿ ಹಾಡು ಜೋರಾಗಿ ಕೇಳಿಸಬೇಕು, ಕಲಾವಿದರು ಅದಕ್ಕೆ ತುಟಿ ಸೇರಿಸಬೇಕು. ಚಿತ್ರರಂಗದಲ್ಲಿ ಇದಕ್ಕೆ ಇವತ್ತಿಗೂ 'ನಾಗ್ರಾ' ಎನ್ನುತ್ತಾರೆ. ಅದು ಹಿಂದೆ ಬಳಸುತ್ತಿದ್ದ ಟೇಪ್ ರೆಕಾರ್ಡರಿನ ಹೆಸರು. ಮೆಷಿನ್ ಹೋಯಿತು, ಹೆಸರು ಉಳಿಯಿತು. ನಿಮಗೆ ಒಂದು ಒಳ್ಳೆಯ ಬ್ಲೂಟೂತ್ ಸ್ಪೀಕರ್ ಸಾಕು. ಹಿಂದಿನ ರಾತ್ರಿ ಚಾರ್ಜ್ ಹಾಕಿಡಿ, ಪವರ್ ಬ್ಯಾಂಕ್ ಒಯ್ಯಿರಿ. ಕ್ಯಾಮೆರಾದ ಮೈಕನ್ನೂ ಆನ್ ಇಡಿ. ಆ ಗದ್ದಲದ ಆಡಿಯೋ ನೋಡಿಕೊಂಡೇ ಎಡಿಟಿಂಗಿನಲ್ಲಿ ಶಾಟನ್ನು ಹಾಡಿಗೆ ಕೂರಿಸುವುದು.

1972ರ 'ನಾಗರಹಾವು' ಚಿತ್ರದ 'ಬಾರೇ ಬಾರೇ' ಹಾಡು ನೋಡಿದ್ದೀರಲ್ವಾ? ಪುಟ್ಟಣ್ಣ ಕಣಗಾಲ್ ಅದರಲ್ಲಿ ಬಳಸಿದ ಸ್ಲೋ ಮೋಷನ್ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ಇಂಥದ್ದರಲ್ಲಿ ತುಟಿಯೂ ಹಾಡಿಗೆ ಸೇರಬೇಕು ಎಂದರೆ ಹೀಗೆ ಮಾಡಿ. ಹಾಡನ್ನು ಎರಡು ಪಟ್ಟು ವೇಗ ಮಾಡಿ ಒಂದು ಫೈಲ್ ಇಟ್ಟುಕೊಳ್ಳಿ. ಆಡಾಸಿಟಿ ಎನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡು ನಿಮಿಷದ ಕೆಲಸ. ಕ್ಯಾಮೆರಾವನ್ನು ಸೆಕೆಂಡಿಗೆ 50 ಫ್ರೇಮಿಗೆ ಇಡಿ. ಕಲಾವಿದರು ಆ ಓಡುವ ಹಾಡಿಗೆ ಬಾಯಿ ಆಡಿಸಲಿ. ನೋಡುವವರಿಗೆ ನಗು ಬರುತ್ತದೆ, ಬರಲಿ. ಎಡಿಟಿಂಗಿನಲ್ಲಿ ಅದನ್ನು 25 ಫ್ರೇಮಿಗೆ, ಅಂದರೆ ಅರ್ಧ ವೇಗಕ್ಕೆ ಇಳಿಸಿ. ಕೂದಲು, ಸೆರಗು, ನೀರಿನ ಹನಿ ನಿಧಾನಕ್ಕೆ ತೇಲುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ಮನೆಯಲ್ಲಿ ತಂಗಿಯನ್ನೋ ತಮ್ಮನನ್ನೋ ನಿಲ್ಲಿಸಿ ಒಂದು ಸಾಲು ಮಾಡಿ ನೋಡಿ.

ಇನ್ನು ನನ್ನ ಕಥೆ. ಎರಡನೇ ಹಾಡು. ಸಂಗೀತ ಮಾಡಿದವರು ರಫ್ ಮಿಕ್ಸ್, ಅಂದರೆ ಹಾಡಿನ ಕಚ್ಚಾ ರೂಪ ಕಳಿಸಿದರು, "ಇದೇ ಇಟ್ಕೊಂಡು ಶೂಟ್ ಮಾಡಿ, ಫೈನಲ್ ಆಮೇಲೆ ಕೊಡ್ತೀನಿ" ಅಂದರು. ಮಾಡಿದೆ. ಫೈನಲ್ ಬಂತು, ಕೇಳಲು ಸೊಗಸಾಗಿತ್ತು. ಎಡಿಟಿಂಗಿಗೆ ಕೂತರೆ ಮೊದಲ ಸಾಲು ಸರಿ, ಪಲ್ಲವಿ ಮುಗಿಯುವಷ್ಟರಲ್ಲಿ ತುಟಿ ಜಾರುತ್ತಿದೆ. ಟೆಂಪೋವನ್ನು, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಹಾಡಿನ ವೇಗವನ್ನು, 96ರಿಂದ 98ಕ್ಕೆ ಏರಿಸಿದ್ದರು. "ಸುಮ್ನೆ ಸ್ವಲ್ಪ ಜೋಶ್ ಇರಲಿ ಅಂತ." ಆ ಸ್ವಲ್ಪ, ನಾಲ್ಕು ನಿಮಿಷದ ಕೊನೆಗೆ ಸುಮಾರು 5 ಸೆಕೆಂಡ್ ಆಗುತ್ತದೆ. ಒಂದೊಂದು ಶಾಟನ್ನೂ ಕತ್ತರಿಸಿ ಬೇರೆ ಬೇರೆಯಾಗಿ ಕೂರಿಸಲು ಹನ್ನೊಂದು ರಾತ್ರಿ ಹಿಡಿಯಿತು. ಆವತ್ತಿನಿಂದ ಫೈನಲ್ ಆಡಿಯೋ ಕೈಗೆ ಬರುವವರೆಗೂ ನಾನು ಶೂಟಿಂಗ್ ಡೇಟ್ ಕೊಡುವುದಿಲ್ಲ.

ಲೊಕೇಶನ್‌ಗೆ ಅನುಮತಿ ಬೇಕು. ಹಂಪಿ, ಬೇಲೂರು, ಚಿತ್ರದುರ್ಗದ ಕೋಟೆಗೆ ಕೇಂದ್ರದ ಪುರಾತತ್ವ ಇಲಾಖೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿಗೆ ತೋಟಗಾರಿಕೆ ಇಲಾಖೆ. ಕಾಡಿಗೆ ಅರಣ್ಯ ಇಲಾಖೆ. ಮೊಬೈಲ್ ಹಿಡಿದಾಗ ಸುಮ್ಮನಿದ್ದ ಗಾರ್ಡ್, ಟ್ರೈಪಾಡ್ ಬಿಚ್ಚಿದ ಕೂಡಲೇ ಸೀಟಿ ಊದುತ್ತಾನೆ. ಡ್ರೋನ್ 250 ಗ್ರಾಂ ಒಳಗಿದ್ದರೆ ಎಲ್ಲಿ ಬೇಕಾದರೂ ಹಾರಿಸಬಹುದು ಅನ್ನುವುದೂ ಸುಳ್ಳು. ವಿಮಾನ ನಿಲ್ದಾಣದ ಸುತ್ತಮುತ್ತ, ನಿಷೇಧಿತ ಜಾಗಗಳಲ್ಲಿ ಸಣ್ಣದಕ್ಕೂ ಅವಕಾಶವಿಲ್ಲ. ಮೊದಲ ಹಾಡನ್ನು ಅಜ್ಜಿಯ ಮನೆಯಲ್ಲೋ ಗೆಳೆಯನ ತೋಟದಲ್ಲೋ ಮಾಡಿ ಅನ್ನುವುದು ಇದಕ್ಕೇ.

ಶೂಟಿಂಗ್ ದಿನ ಬೆಳಿಗ್ಗೆ ಆರರಿಂದ ಒಂಬತ್ತು ಹೊರಗೆ, ನೆತ್ತಿ ಮೇಲೆ ಬಿಸಿಲಿದ್ದಾಗ ಒಳಗೆ, ನಾಲ್ಕರ ಮೇಲೆ ಮತ್ತೆ ಹೊರಗೆ. ಲೈಟ್ ಬಾಡಿಗೆಗೆ ದುಡ್ಡಿಲ್ಲವಾದರೆ ಒಂದು ಬಿಳಿ ಥರ್ಮಾಕೋಲ್ ಹಾಳೆ ತನ್ನಿ. ಬಿಸಿಲನ್ನು ಅದರಿಂದ ಮುಖಕ್ಕೆ ತಿರುಗಿಸಿದರೆ ಕಣ್ಣ ಕೆಳಗಿನ ಕಪ್ಪು ಹೋಗುತ್ತದೆ. ದೊಡ್ಡ ಸಿನಿಮಾದವರೂ ಅದನ್ನೇ ಹಿಡಿಯುತ್ತಾರೆ. ಸಂಜೆ ಮನೆಗೆ ಹೋಗುವ ಮುಂಚೆ ಫೂಟೇಜ್ ಎರಡು ಹಾರ್ಡ್ ಡಿಸ್ಕಿಗೆ ಹೋಗಿರಲಿ.

ಎಡಿಟಿಂಗ್ ನೀವೇ ಕಲಿಯಿರಿ, ಡಾವಿಂಚಿ ರಿಸಾಲ್ವ್ ಎನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಪ್ರತಿ ತಾಳಕ್ಕೂ ಕಟ್ ಮಾಡುವ ಚಟ ಮೊದಲು ಎಲ್ಲರಿಗೂ ಇರುತ್ತದೆ, ಹತ್ತು ಸೆಕೆಂಡಿಗೆ ಕಣ್ಣು ನೋಯುತ್ತದೆ.

ಕೋರ್ಸ್ ಬೇಕಾ? ಹೆಸರಘಟ್ಟದಲ್ಲಿ ಸರ್ಕಾರದ್ದೇ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನ ಛಾಯಾಗ್ರಹಣ ವಿಭಾಗದ ಪರಂಪರೆ ಅದರದ್ದು. ಹಿಂದಿಯ ಗುರುದತ್ ಸಿನಿಮಾಗಳ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಓದಿದರೆ ಒಳ್ಳೆಯದು. ಓದದಿದ್ದರೆ ಕೆಲಸ ನಿಲ್ಲುವುದಿಲ್ಲ. ಯಾರಾದರೂ ನಿರ್ದೇಶಕರ ಹತ್ತಿರ ನಾಲ್ಕೈದು ಹಾಡಿಗೆ ಅಸಿಸ್ಟೆಂಟ್ ಆಗಿ.

ದುಡ್ಡಿನ ಮಾತು. ಮೊದಲ ಹಾಡಿಗೆ ಸಂಬಳ ಕೇಳಬೇಡಿ, ಖರ್ಚು ಕೇಳಿ. ಎರಡನೆಯದರಿಂದ ಮೂರು ಕಂತು: ಡೇಟ್ ಕೊಡುವಾಗ ಅರ್ಧ, ಶೂಟಿಂಗ್ ದಿನ ಕಾಲು, ಉಳಿದದ್ದು ಫೈನಲ್ ಕಾಪಿ ಕೊಡುವ ಮೊದಲು. ಆ 'ಮೊದಲು' ಮುಖ್ಯ. ಬ್ಯಾಲೆನ್ಸ್ ಬರುವವರೆಗೆ ಕೊಡುವ ಕಾಪಿಯ ಮೇಲೆ ದೊಡ್ಡದಾಗಿ ನಿಮ್ಮ ವಾಟರ್‌ಮಾರ್ಕ್ ಇರಲಿ. ಎಷ್ಟು ಸಲ ಬದಲಾವಣೆ ಮಾಡಿಕೊಡುತ್ತೀರಿ ಅಂತಲೂ ಬರೆದುಕೊಳ್ಳಿ, ಇಲ್ಲದಿದ್ದರೆ ಗಾಯಕರ ಅತ್ತಿಗೆಯ ಅಭಿಪ್ರಾಯವೂ ಬರುತ್ತದೆ.

ನನಗೆ ಮೂರನೇ ಹಾಡು ಸಿಕ್ಕಿದ್ದು ವ್ಯೂಸ್ ನೋಡಿ ಅಲ್ಲ. ಆ ಟೆಂಪೋ ತಪ್ಪಿದ ಹಾಡಿಗೆ ಮೇಕಪ್ ಮಾಡಿದ್ದ ಅಕ್ಕ ಇನ್ನೊಬ್ಬರಿಗೆ ನನ್ನ ನಂಬರ್ ಕೊಟ್ಟಿದ್ದರು. ಏನಂತ ಹೇಳಿ ಕೊಟ್ಟಿರಿ ಎಂದು ಆಮೇಲೆ ಕೇಳಿದೆ. "ಹುಡುಗ ಒಂದು ಗಂಟೆಗೆ ಸರಿಯಾಗಿ ಊಟ ಹಾಕಿಸ್ತಾನೆ, ಕತ್ತಲಾಗೋಕೆ ಮುಂಚೆ ಪ್ಯಾಕಪ್ ಮಾಡ್ತಾನೆ ಅಂದೆ" ಎಂದರು.